ಬೆಂಗಳೂರಿನಲ್ಲಿ ದೊಡ್ಡ ಗೋದಾಮು ಲೀಸಿಗೆ ಹಿಡಿಯುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಗೋದಾಮು ಹುಡುಕುವವರು ಮೊದಲು ಕೇಳುವುದು ಒಂದೇ ಮಾತು: "ಚದರ ಅಡಿಗೆ ಎಷ್ಟು?" ನಾನು ತಿರುಗಿ ಕೇಳುವುದು ಬೇರೆ: "ನಿಮ್ಮಲ್ಲಿಗೆ ಬರುವ ಲಾರಿ ಎಷ್ಟು ಉದ್ದ? ದಿನಕ್ಕೆ ಎಷ್ಟು ಬರುತ್ತವೆ?" ಈ ಎರಡಕ್ಕೆ ಉತ್ತರ ಸಿಕ್ಕ ಮೇಲೆ ಬಾಡಿಗೆಯ ಮಾತಿಗೆ ಅರ್ಥ ಬರುತ್ತದೆ. ತುಮಕೂರು ರಸ್ತೆ, ಹೊಸೂರು ರಸ್ತೆ, ಹಳೇ ಮದ್ರಾಸು ರಸ್ತೆ ಕಡೆ ಗೋದಾಮು ನೋಡುತ್ತಾ, ಕರಾರು ಓದುತ್ತಾ ಹಲವು ವರ್ಷ ಕಳೆದಿದ್ದೇನೆ. ಆ ಓಡಾಟದಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ.

ಲೀಸ್ ಅಂದರೆ ಭೋಗ್ಯಾನಾ? ಒಂದೇ ಸಲ ದುಡ್ಡು ಕೊಟ್ಟರೆ ಬಾಡಿಗೆ ಇರೋದಿಲ್ವಾ?

ಈ ಗೊಂದಲ ಬೆಂಗಳೂರಿನವರಿಗೆ ಸಹಜ. ಮನೆಯ ವಿಷಯದಲ್ಲಿ ನಾವು ಲೀಸ್ ಅನ್ನುವುದು ಭೋಗ್ಯಕ್ಕೆ. ಕೆಲವು ಲಕ್ಷ ಕೊಟ್ಟು, ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ ಪಡೆಯುತ್ತೇವೆ. ಗೋದಾಮಿನ ಲೀಸ್ ಹಾಗಲ್ಲ. ಅದು ಹಲವು ವರ್ಷಗಳ ಬಾಡಿಗೆ ಕರಾರು. ತಿಂಗಳು ತಿಂಗಳು ಬಾಡಿಗೆ ಇದೆ, ಅಡ್ವಾನ್ಸ್ ಇದೆ, ನಿರ್ವಹಣೆ ಖರ್ಚು ಇದೆ, ಜಿಎಸ್‌ಟಿ ಇದೆ. ಮಾಲೀಕರ ಜೊತೆ ಮೊದಲ ಸಲ ಮಾತಾಡುವಾಗಲೇ ಇದನ್ನು ಸ್ಪಷ್ಟ ಮಾಡಿಕೊಳ್ಳಿ. ಎರಡು ವಾರ ಮಾತುಕತೆ ನಡೆದ ಮೇಲೆ "ಓ, ನಾವು ಭೋಗ್ಯ ಅಂದ್ಕೊಂಡಿದ್ವಿ" ಎಂದು ಎದ್ದು ಹೋದವರನ್ನು ನೋಡಿದ್ದೇನೆ.

ನಮಗೆ ರಾಜ್ಯಕ್ಕೊಂದು ಸಣ್ಣ ಗೋಡೌನ್ ಇದೆ. ಎಲ್ಲ ಸೇರಿಸಿ ಒಂದೇ ದೊಡ್ಡದು ಮಾಡಿದರೆ ಒಳ್ಳೆಯದಾ?

ರಾಜ್ಯಕ್ಕೊಂದು ಗೋಡೌನ್ ಇಡುತ್ತಿದ್ದುದಕ್ಕೆ ದೊಡ್ಡ ಕಾರಣ ತೆರಿಗೆ. ಬೇರೆ ರಾಜ್ಯಕ್ಕೆ ನೇರವಾಗಿ ಮಾರಿದರೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ನಮ್ಮದೇ ಗೋಡೌನಿಗೆ ಮಾಲು ಸಾಗಿಸಿ ಅಲ್ಲಿಂದ ಮಾರಿದರೆ ಅದು ತಪ್ಪುತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಆ ಕಾರಣ ಹೋಯಿತು. ಈಗ ಗೋದಾಮು ಎಲ್ಲಿರಬೇಕು ಅನ್ನುವುದನ್ನು ತೆರಿಗೆ ನೋಡಿ ಅಲ್ಲ, ರಸ್ತೆ ನೋಡಿ ತೀರ್ಮಾನಿಸಬಹುದು.

ಹಾಗಂತ ಎಲ್ಲರೂ ಒಂದೇ ಕಡೆ ಸೇರಿಸಬೇಕು ಅಂತಿಲ್ಲ. ಹುಬ್ಬಳ್ಳಿಯ ಅಂಗಡಿಗೆ ಮರುದಿನವೇ ಬಿಡಿಭಾಗ ತಲುಪಬೇಕು ಎಂದಾದರೆ ಅಲ್ಲಿ ಒಂದು ಸಣ್ಣ ಶೆಡ್ಡು ಉಳಿಸಿಕೊಳ್ಳಿ. ನಿಧಾನಕ್ಕೆ ಖರ್ಚಾಗುವ ಮಾಲು ಮಾತ್ರ ದೊಡ್ಡ ಗೋದಾಮಿಗೆ ಬರಲಿ.

ಪೀಣ್ಯದ ಒಳಗೇ ಬೇಕಾ, ನೆಲಮಂಗಲ ದಾಟಿ ಹೋದರೆ ಸಾಕಾ?

ನಿಮ್ಮ ಮಾಲು ಯಾವ ದಿಕ್ಕಿಗೆ ಹೋಗುತ್ತದೆ ಅನ್ನುವುದರ ಮೇಲಿದೆ. ಒಂದು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಿ. ಎಷ್ಟು ಮಾಲು ನಗರದೊಳಗೆ ಹೋಯಿತು, ಎಷ್ಟು ಹೊರ ಊರಿಗೆ ಹೋಯಿತು, ಲೆಕ್ಕ ಹಾಕಿ.

ಪೀಣ್ಯದ ಬಲ ಅದು ಕೂತಿರುವ ಜಾಗ. ಪಕ್ಕದಲ್ಲೇ ತುಮಕೂರು ರಸ್ತೆ, ಅಂದರೆ ಪುಣೆ, ಮುಂಬೈ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48. ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆ ಸಿಗುತ್ತದೆ. ಯಶವಂತಪುರದ ರೈಲು ನಿಲ್ದಾಣ, ಎಪಿಎಂಸಿ ಹತ್ತಿರ. ಇನ್ನೂ ಒಂದು ಲಾಭವನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಮೆಟ್ರೋ. 2014ರ ಮಾರ್ಚ್‌ನಲ್ಲಿ ಹಸಿರು ಮಾರ್ಗ ಪೀಣ್ಯಕ್ಕೆ ಬಂತು, ಮರುವರ್ಷ ನಾಗಸಂದ್ರ ಮುಟ್ಟಿತು, 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಹೋಯಿತು. ಗೋದಾಮು ನಡೆಯುವುದು ಜನರಿಂದ. ಪ್ಯಾಕಿಂಗ್ ಮಾಡುವ ಹೆಣ್ಣುಮಕ್ಕಳು ರಾತ್ರಿ ಎಂಟಕ್ಕೆ ಪಾಳಿ ಮುಗಿಸಿ ಧೈರ್ಯವಾಗಿ ಮನೆಗೆ ಹೋಗುವಂತಿದ್ದರೆ ಅವರು ಕೆಲಸದಲ್ಲಿ ನಿಲ್ಲುತ್ತಾರೆ. ಊರಾಚೆ ಹೆದ್ದಾರಿ ಬದಿಯ ಗೋದಾಮಿಗೆ ನೀವೇ ಬಸ್ಸು ಇಡಬೇಕು.

ನೆಲಮಂಗಲದ ಬಲವೇ ಬೇರೆ. ಅಲ್ಲಿ ದಾರಿ ಕವಲೊಡೆಯುತ್ತದೆ. ಒಂದು ತುಮಕೂರು, ಹುಬ್ಬಳ್ಳಿ ಕಡೆಗೆ. ಇನ್ನೊಂದು ಹೆದ್ದಾರಿ 75, ಹಾಸನ, ಮಂಗಳೂರಿನ ಕಡೆಗೆ. ಮಂಗಳೂರು ಬಂದರಿನಿಂದ ಮಾಲು ತರಿಸುವವರಿಗೆ ಈ ಕವಲು ಅನುಕೂಲ. ಆದರೆ ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಲಾರಿ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದಷ್ಟು ದಿನದ ಮಾಲು ಜಾಸ್ತಿಯೇ ಇಟ್ಟುಕೊಳ್ಳಬೇಕು. ಅದಕ್ಕೂ ಜಾಗ ಬೇಕಲ್ವಾ? ಇನ್ನೂ ಮುಂದೆ ದಾಬಸ್‌ಪೇಟೆಯಿಂದ ಉಪನಗರ ವರ್ತುಲ ರಸ್ತೆ ಹಿಡಿದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ನಗರದ ಒಳಗೆ ಬಾರದೆ ಹೋಗಬಹುದು.

ನಗರದೊಳಗೆ ಭಾರಿ ವಾಹನಗಳಿಗೆ ದಟ್ಟಣೆಯ ಹೊತ್ತಿನಲ್ಲಿ ನಿರ್ಬಂಧ ಇದೆ. ದಿನವೂ ಮಲ್ಲೇಶ್ವರ, ಚಿಕ್ಕಪೇಟೆ, ಜಯನಗರದ ಅಂಗಡಿಗಳಿಗೆ ಮಾಲು ಹಾಕುವವರು ನೆಲಮಂಗಲದಲ್ಲಿ ಬಾಡಿಗೆ ಉಳಿಸಿದ್ದನ್ನು ಡೀಸೆಲ್ಲಿಗೆ ಕಳೆದುಕೊಳ್ಳುತ್ತಾರೆ. ಹೊರ ಊರಿಗೇ ಹೆಚ್ಚು ಕಳಿಸುವವರು ಪೀಣ್ಯದಲ್ಲಿ ಕೂತರೆ ಸುಮ್ನೆ ಜಾಸ್ತಿ ಬಾಡಿಗೆ ಕೊಡುತ್ತಾರೆ.

ರಸ್ತೆ ಚೆನ್ನಾಗಿದೆ ಅಂದಮೇಲೆ ಮುಗೀತಲ್ವಾ?

ಒಂದೇ ದಾರಿಯನ್ನು ನಂಬಬೇಡಿ. ಗೊರಗುಂಟೆಪಾಳ್ಯದಿಂದ ಹೋಗುವ ತುಮಕೂರು ರಸ್ತೆಯ ಮೇಲ್ಸೇತುವೆಯ ಕಥೆ ಎಲ್ಲರಿಗೂ ಗೊತ್ತು. 2021ರ ಡಿಸೆಂಬರ್‌ನಲ್ಲಿ ಕೇಬಲ್‌ಗಳಲ್ಲಿ ದೋಷ ಕಂಡು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಸಣ್ಣ ಗಾಡಿಗಳಿಗೆ ತೆರೆದರು. ಭಾರಿ ವಾಹನಗಳಿಗೆ ಮತ್ತೆ ಬಿಟ್ಟದ್ದು 2024ರ ಜುಲೈ ಕೊನೆಗೆ. ಎರಡೂವರೆ ವರ್ಷ ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲೇ ತೆವಳಿದವು. ಆ ಹೊತ್ತಿನಲ್ಲಿ ನೈಸ್ ರಸ್ತೆಗೆ ಸುಲಭವಾಗಿ ಸೇರಬಹುದಾದ ಗೋದಾಮಿನವರು ಬಚಾವಾದರು. ಟೋಲ್ ಕಟ್ಟಿದರೂ ಲಾರಿ ಓಡುತ್ತಿತ್ತು. ಯಾವ ಗೋದಾಮು ನೋಡಿದರೂ ಎರಡನೇ ದಾರಿ ಯಾವುದು ಎಂದು ಕೇಳಿ, ಆ ದಾರಿಯಲ್ಲಿ ಒಮ್ಮೆ ನೀವೇ ಹೋಗಿ ಬನ್ನಿ.

ಹೊಸಕೋಟೆ, ಬೊಮ್ಮಸಂದ್ರ ಕಡೆ ಹೇಗೆ?

ಚೆನ್ನೈ ಬಂದರಿನ ಜೊತೆ ವ್ಯವಹಾರ ಇರುವವರಿಗೆ ಪೂರ್ವದ ಕಡೆಯೇ ಸರಿ. ವೈಟ್‌ಫೀಲ್ಡಿನಲ್ಲಿ ಕಂಟೇನರ್ ಡಿಪೋ ಇದೆ. ಹೊಸಕೋಟೆಯಿಂದ ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುತ್ತದೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆ ಪಟ್ಟಿ ಹೊಸೂರಿನ ಕಾರ್ಖಾನೆಗಳಿಗೆ ಬಿಡಿಭಾಗ ಕೊಡುವವರಿಗೆ ಹತ್ತಿರ. ಬೊಮ್ಮಸಂದ್ರಕ್ಕೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಬಂದಿದೆ.

ನಮಗೆ ಎಷ್ಟು ಚದರ ಅಡಿ ಬೇಕು ಅಂತ ಲೆಕ್ಕ ಹಾಕೋದು ಹೇಗೆ?

ಚದರ ಅಡಿಯಿಂದ ಶುರು ಮಾಡಬೇಡಿ, ಪ್ಯಾಲೆಟ್‌ನಿಂದ ಶುರು ಮಾಡಿ. ಪ್ಯಾಲೆಟ್ ಅಂದರೆ ಮಾಲು ಪೇರಿಸಿ ಫೋರ್ಕ್‌ಲಿಫ್ಟ್ ಗಾಡಿಯಲ್ಲಿ ಎತ್ತುವ ಹಲಗೆಯ ಚೌಕಟ್ಟು. ಸಾಮಾನ್ಯ ಪ್ಯಾಲೆಟ್ 1.2 ಮೀಟರ್ ಉದ್ದ, 1 ಮೀಟರ್ ಅಗಲ. ನೆಲದಲ್ಲಿ ಸುಮಾರು 13 ಚದರ ಅಡಿ ಹಿಡಿಯುತ್ತದೆ. ನಿಮ್ಮದು 1,000 ಪ್ಯಾಲೆಟ್ ಎಂದಿಟ್ಟುಕೊಳ್ಳಿ. ಒಂದರ ಮೇಲೊಂದು ಪೇರಿಸದೆ ನೆಲದ ಮೇಲೆ ಹರಡಿದರೆ ಅದಕ್ಕೇ 13,000 ಚದರ ಅಡಿ ಬೇಕು. ಓಡಾಡುವ ದಾರಿ ಸೇರಿದರೆ ಹೆಚ್ಚುಕಡಿಮೆ ದುಪ್ಪಟ್ಟು, ಅಂದರೆ 26,000. ಅದೇ ಮಾಲನ್ನು ಐದು ಹಂತದ ರ್ಯಾಕಿನಲ್ಲಿಟ್ಟರೆ ದಾರಿಯೂ ಸೇರಿ 6,500 ಚದರ ಅಡಿಯ ಆಸುಪಾಸಿನಲ್ಲಿ ಹಿಡಿಸಬಹುದು.

ಆದರೆ ಐದು ಹಂತಕ್ಕೆ ಎತ್ತರ ಬೇಕು. ಮಾಲು, ಪ್ಯಾಲೆಟ್, ಕಬ್ಬಿಣದ ತೊಲೆ ಸೇರಿ ಒಂದು ಹಂತಕ್ಕೆ 1.7 ಮೀಟರ್ ಅಂದರೂ ಎಂಟೂವರೆ ಮೀಟರ್ ಆಯಿತು. ಮೇಲೆ ಬೆಂಕಿ ಆರಿಸಲು ನೀರು ಚಿಮ್ಮುವ ಸ್ಪ್ರಿಂಕ್ಲರ್‌ಗೆ ಜಾಗ ಬಿಡಬೇಕು. ಹತ್ತು ಮೀಟರ್ ಎತ್ತರದ ಕಟ್ಟಡವೇ ಬೇಕಾಗುತ್ತದೆ. ಪೀಣ್ಯದ ಹಳೇ ಶೆಡ್ಡುಗಳು ಕಾರ್ಖಾನೆಗೆಂದು ಕಟ್ಟಿದವು. ಆರು ಮೀಟರ್ ಎತ್ತರವಿದ್ದರೆ ಮೂರು ಹಂತಕ್ಕೆ ನಿಲ್ಲಬೇಕು. ನೀವು ಬಾಡಿಗೆ ಕೊಡುವುದು ನೆಲಕ್ಕೆ, ಬಳಸುವುದು ಗಾಳಿಯಲ್ಲಿರುವ ಜಾಗವನ್ನು. ಹಾಗಾಗಿ ಎರಡು ಗೋದಾಮು ಹೋಲಿಸುವಾಗ ಒಂದು ಪ್ಯಾಲೆಟ್ ಇಡುವುದಕ್ಕೆ ತಿಂಗಳಿಗೆ ಎಷ್ಟು ಬೀಳುತ್ತದೆ ಎಂದು ನೋಡಿ. ಚದರ ಅಡಿಗೆ ದುಬಾರಿ ಅನಿಸಿದ್ದು ಎಷ್ಟೋ ಸಲ ಇಲ್ಲಿ ಅಗ್ಗವಾಗುತ್ತದೆ.

ಮಾಲು ಹಬ್ಬದ ಸಮಯದಲ್ಲಿ ಉಬ್ಬುವುದಾದರೆ, ದಸರಾ ದೀಪಾವಳಿಯ ಎರಡು ತಿಂಗಳಿಗಾಗಿ ವರ್ಷವಿಡೀ ದೊಡ್ಡ ಜಾಗಕ್ಕೆ ಬಾಡಿಗೆ ಕಟ್ಟಬೇಡಿ. ಆ ಎರಡು ತಿಂಗಳಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಿ.

ಮಾಲೀಕರು 50,000 ಚದರ ಅಡಿ ಅಂತಾರೆ. ಅದು ಯಾವ ಅಳತೆ?

ಕೇಳಲೇಬೇಕಾದ ಪ್ರಶ್ನೆ. ಕೆಲವರು ಗೋಡೆಯ ಒಳಗಿನ ಅಳತೆ ಹೇಳುತ್ತಾರೆ. ಕೆಲವರು ಗೋಡೆ, ಲಾರಿ ನಿಲ್ಲುವ ಕಡೆಯ ಚಾವಣಿ, ಕಾವಲುಗಾರರ ಕೋಣೆ, ಪಂಪ್ ಹೌಸಿನ ಪಾಲು ಎಲ್ಲ ಸೇರಿಸುತ್ತಾರೆ. ಎರಡೂ ಸುಳ್ಳಲ್ಲ, ಆದರೆ ಯಾವುದಕ್ಕೆ ಬಾಡಿಗೆ ಎಂದು ಕರಾರಿನಲ್ಲಿ ಬರೆಯಬೇಕು. ಟೇಪು ಹಿಡಿದು ಇಬ್ಬರೂ ಸೇರಿ ಅಳೆದು, ನಕ್ಷೆಗೆ ಸಹಿ ಹಾಕಿ, ಕರಾರಿಗೆ ಲಗತ್ತಿಸಿ. ಅರ್ಧ ದಿನದ ಕೆಲಸ.

ಕಟ್ಟಡ ನೋಡಲು ಹೋದಾಗ ಏನೇನು ನೋಡಬೇಕು?

ಮೊದಲು ಕಟ್ಟಡಕ್ಕೆ ಬೆನ್ನು ಮಾಡಿ ನಿಂತು ರಸ್ತೆ ನೋಡಿ. 40 ಅಡಿ ಕಂಟೇನರ್ ಹೊತ್ತ ಟ್ರೈಲರ್ ಇಂಜಿನ್ ಸೇರಿ ಸುಮಾರು 16 ಮೀಟರ್ ಉದ್ದ ಇರುತ್ತದೆ. ಅದು ಮುಖ್ಯರಸ್ತೆಯಿಂದ ಅಡ್ಡರಸ್ತೆಗೆ ತಿರುಗಬೇಕು, ಗೇಟಿನೊಳಗೆ ಬರಬೇಕು, ಹಿಮ್ಮುಖವಾಗಿ ಡಾಕಿಗೆ, ಅಂದರೆ ಮಾಲು ಇಳಿಸುವ ಕಟ್ಟೆಗೆ, ಕೂರಬೇಕು. ಡಾಕಿನ ಮುಂದೆ ಲಾರಿಯ ಉದ್ದದ ಎರಡರಷ್ಟು ಬಯಲಿದ್ದರೆ ಚಾಲಕ ಒಂದೇ ಸಲಕ್ಕೆ ಹಚ್ಚುತ್ತಾನೆ. ಕಡಿಮೆ ಇದ್ದಷ್ಟೂ ಹಿಂದೆ ಮುಂದೆ ಜಾಸ್ತಿ. ತಲೆಯ ಮೇಲೆ ತೂಗುವ ಕೇಬಲ್, ವಿದ್ಯುತ್ ತಂತಿ, ಮರದ ಕೊಂಬೆಯನ್ನೂ ನೋಡಿ.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಮ್ಮೆ ಒಂದು ಗೋದಾಮನ್ನು ಭಾನುವಾರ ನೋಡಿ ಒಪ್ಪಿಕೊಂಡೆ. ರಸ್ತೆ ಖಾಲಿ ಇತ್ತು, ಅಗಲವಾಗಿ ಕಂಡಿತು. ಮೊದಲ ಕಂಟೇನರ್ ಬಂದದ್ದು ಮಂಗಳವಾರ. ಅಡ್ಡರಸ್ತೆಯ ಎರಡೂ ಬದಿಯಲ್ಲಿ ಪಕ್ಕದ ಕಾರ್ಖಾನೆಗಳ ಗಾಡಿಗಳು ನಿಂತಿದ್ದವು. ಟ್ರೈಲರ್ ತಿರುಗಲೇ ಇಲ್ಲ. ಮುಖ್ಯರಸ್ತೆ ಬದಿಯಲ್ಲಿ ನಿಲ್ಲಿಸಿ, ಸಣ್ಣ ಗಾಡಿಗಳಿಗೆ ಮಾಲು ಇಳಿಸಿ, ಒಳಗೆ ಸಾಗಿಸುವಷ್ಟರಲ್ಲಿ ಬೆಳಗಿನ ಜಾವ ಆಗಿತ್ತು. ಹಮಾಲಿಗಳು ಊಟವಿಲ್ಲದೆ ದುಡಿದರು. ಅವರಿಗೆ ಆದ ತೊಂದರೆ ನೆನೆದರೆ ಈಗಲೂ ಬೇಸರವಾಗುತ್ತದೆ. ಅಂದಿನಿಂದ ಯಾವ ಗೋದಾಮನ್ನೂ ವಾರದ ನಡುವೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ನೋಡದೆ ಒಪ್ಪುವುದಿಲ್ಲ. ಸಾಧ್ಯವಾದರೆ ಒಂದು ಖಾಲಿ ಟ್ರೈಲರನ್ನೇ ತಂದು ತಿರುಗಿಸಿ ನೋಡುತ್ತೇನೆ.

ಆಮೇಲೆ ಡಾಕ್. ಲಾರಿಯ ತಳದ ಎತ್ತರಕ್ಕೆ, ಅಂದರೆ ಸುಮಾರು ನಾಲ್ಕು ಅಡಿಗೆ ಕಟ್ಟೆ ಇದ್ದರೆ ಫೋರ್ಕ್‌ಲಿಫ್ಟ್ ನೇರವಾಗಿ ಕಂಟೇನರಿನೊಳಗೆ ಹೋಗುತ್ತದೆ. ಎತ್ತರ ತಗ್ಗು ಸರಿದೂಗಿಸುವ ಲೆವೆಲರ್ ಇದ್ದರೆ ಇನ್ನೂ ಒಳ್ಳೆಯದು. ಕಟ್ಟೆಯೇ ಇಲ್ಲದ ನೆಲಮಟ್ಟದ ಶೆಡ್ಡಿನಲ್ಲಿ ಪ್ರತಿ ಪೆಟ್ಟಿಗೆಯೂ ಮನುಷ್ಯರ ಹೆಗಲ ಮೇಲೆ ಇಳಿಯಬೇಕು.

ನೆಲವನ್ನು ಮರೆಯಬೇಡಿ. ಐದು ಹಂತದ ರ್ಯಾಕಿನಲ್ಲಿ ಕೆಳಗಿನ ಹಂತ ನೆಲದ ಮೇಲೆ, ಉಳಿದ ನಾಲ್ಕು ತೊಲೆಗಳ ಮೇಲೆ. ಹಂತಕ್ಕೆ ಎರಡು ಪ್ಯಾಲೆಟ್, ಪ್ಯಾಲೆಟ್ಟಿಗೆ ಒಂದು ಟನ್ ಎಂದರೆ ನಡುವಿನ ಒಂದೊಂದು ಕಾಲಿನ ಮೇಲೆ ಸುಮಾರು 4 ಟನ್ ಬೀಳುತ್ತದೆ. ಅಂಗೈಯಗಲದ ಕಬ್ಬಿಣದ ತಟ್ಟೆಯ ಮೇಲೆ ಅಷ್ಟು ಭಾರ! "ಚದರ ಮೀಟರಿಗೆ 5 ಟನ್ ತಡೆಯುತ್ತದೆ" ಎಂದು ಮಾಲೀಕರು ಹೇಳಿದರೆ ಅದು ಹರಡಿದ ಭಾರದ ಮಾತು. ರ್ಯಾಕಿನ ಕಾಲಿನ ಭಾರ ಬೇರೆ ಲೆಕ್ಕ. ಕಾಂಕ್ರೀಟಿನ ದಪ್ಪ, ಕೆಳಗಿನ ಮಣ್ಣು ತುಂಬಿದ ರೀತಿ ತಿಳಿದ ಇಂಜಿನಿಯರ್ ಒಬ್ಬರಿಂದ ನೋಡಿಸಿ.

ಮಳೆಗೆ ನೀರು ನುಗ್ಗುವ ಜಾಗ ಎಂದು ಮೊದಲೇ ತಿಳಿಯೋದು ಹೇಗೆ?

ಗೋಡೆಯ ಬುಡದಲ್ಲಿ ಕಲೆಯ ಗೆರೆ ಇದೆಯಾ ನೋಡಿ. ಹೊಸ ಬಣ್ಣ ಬರೀ ಮೂರಡಿಗೆ ಹೊಡೆದಿದ್ದರೆ ಯಾಕೆ ಎಂದು ಕೇಳಿ. ಪಕ್ಕದಲ್ಲಿ ರಾಜಕಾಲುವೆ ಎಲ್ಲಿ ಹರಿಯುತ್ತದೆ, ಗೋದಾಮಿನ ನೆಲ ರಸ್ತೆಗಿಂತ ಮೇಲಿದೆಯೋ ಕೆಳಗಿದೆಯೋ ಗಮನಿಸಿ. ಹಳೇ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆಯೇ ಎತ್ತರವಾಗಿ, ಒಮ್ಮೆ ಸರಿ ಇದ್ದ ಶೆಡ್ಡು ಈಗ ತಗ್ಗಿನಲ್ಲಿರುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಪೂರ್ವ ಭಾಗ ಮುಳುಗಿದ್ದು ನೆನಪಿದೆಯಲ್ವಾ? ಆ ವಾರ ಈ ಬೀದಿಯಲ್ಲಿ ಏನಾಗಿತ್ತು ಎಂದು ಎದುರಿನ ಟೀ ಅಂಗಡಿಯವರನ್ನು ಕೇಳಿ. ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ.

ಒಳಗೆ ನಿಂತು ಶಟರ್ ಎಳೆಸಿ, ದೀಪ ಆರಿಸಿ, ಚಾವಣಿ ನೋಡಿ. ತೂತಿದ್ದರೆ ಬೆಳಕಿನ ಚುಕ್ಕಿ ಕಾಣುತ್ತದೆ.

ಯಾವ ಕಾಗದಪತ್ರ ಕೇಳಬೇಕು?

ಕೈಗಾರಿಕಾ ಪ್ರದೇಶದ ಜಾಗವಾದರೆ ಅದು ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹಂಚಿದ್ದಾ ಎಂದು ಮೊದಲು ತಿಳಿದುಕೊಳ್ಳಿ. ಮಂಡಳಿ ಮೊದಲು ಲೀಸ್-ಕಂ-ಸೇಲ್ ಮೇಲೆ ಜಾಗ ಕೊಡುತ್ತದೆ. ಷರತ್ತು ಪೂರೈಸಿದ ಮೇಲೆ ಕ್ರಯಪತ್ರ ಆಗುತ್ತದೆ. ಅಲ್ಲಿಯವರೆಗೆ ಬೇರೆಯವರಿಗೆ ಬಾಡಿಗೆಗೆ ಕೊಡಲು ಮಂಡಳಿಯ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಕೈಯಲ್ಲಿ ನೋಡದೆ ಅಡ್ವಾನ್ಸ್ ಕೊಡಬೇಡಿ. ಕಾರ್ಖಾನೆಗೆಂದು ಕೊಟ್ಟ ಜಾಗವನ್ನು ಗೋದಾಮಾಗಿ ಬಳಸಬಹುದಾ ಎಂಬುದೂ ಅದರಲ್ಲೇ ಸ್ಪಷ್ಟವಾಗಬೇಕು.

ನೆಲಮಂಗಲ, ಹೊಸಕೋಟೆ ಕಡೆಯ ಹೊಸ ಗೋದಾಮುಗಳು ಬಹಳಷ್ಟು ಹೊಲದಲ್ಲಿ ಎದ್ದವು. ಅಲ್ಲಿ ಭೂಪರಿವರ್ತನೆ ಆದೇಶ ನೋಡಿ. ಪರಿವರ್ತನೆ ಆಗಿದೆ ಅಂದರೆ ಸಾಲದು, ಯಾವ ಉದ್ದೇಶಕ್ಕೆ ಆಗಿದೆ ಎಂದು ಓದಿ. ವಾಸಕ್ಕೆ ಪರಿವರ್ತಿಸಿದ ಜಾಗದಲ್ಲಿ ಗೋದಾಮು ನಿಂತಿದ್ದರೆ ಮುಂದೆ ಲೈಸೆನ್ಸ್, ವಿಮೆ, ವಿದ್ಯುತ್ತು ಎಲ್ಲಕ್ಕೂ ತೊಡಕು.

ಇದರ ಜೊತೆ ಕ್ರಯಪತ್ರ, ಖಾತೆ, ತೆರಿಗೆ ರಸೀದಿ, ಮಂಜೂರಾದ ನಕ್ಷೆ, ಇ.ಸಿ. (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ಬೇಕು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳಿವೆ. ಹಳೇ ಕಾಗದದಲ್ಲಿ ಹಳೇ ಹೆಸರಿರುತ್ತದೆ, ಅದಕ್ಕೆ ಗಾಬರಿ ಬೇಡ. ಈಗಿನ ಇ-ಖಾತೆ ಕೇಳಿ. ಇ.ಸಿ.ಯಲ್ಲಿ ಬ್ಯಾಂಕಿನ ಅಡಮಾನ ಕಂಡರೆ ಆ ಬ್ಯಾಂಕಿನ ಒಪ್ಪಿಗೆ ಪತ್ರ ತನ್ನಿ ಅನ್ನಿ. ಮಾಲೀಕರು ಸಾಲ ಕಟ್ಟದೆ ಬ್ಯಾಂಕು ಆಸ್ತಿ ಹಿಡಿದರೆ, ಒಪ್ಪಿಗೆ ಇಲ್ಲದ ಬಾಡಿಗೆದಾರ ಒಳಗಿನ ಮಾಲಿನ ಸಮೇತ ಬೀದಿಗೆ ಬರಬೇಕಾಗುತ್ತದೆ.

ಮನೆಗೆ ಮಾಡೋ ಹಾಗೆ 11 ತಿಂಗಳ ಕರಾರು ಸಾಕಲ್ವಾ?

ಸಾಲದು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು ಎಂದು ಕಾನೂನು ಹೇಳುತ್ತದೆ. ಅದನ್ನು ತಪ್ಪಿಸಲೆಂದೇ 11 ತಿಂಗಳ ರೂಢಿ ಬಂತು. ಮನೆಯಲ್ಲಾದರೆ ಹಾಸಿಗೆ, ಪಾತ್ರೆ ಎತ್ತಿಕೊಂಡು ಹೋಗಬಹುದು. ಗೋದಾಮಿನಲ್ಲಿ ನೀವು ರ್ಯಾಕು ನೆಲಕ್ಕೆ ಬಿಗಿದಿರುತ್ತೀರಿ, ವಿದ್ಯುತ್ತು ಎಳೆಸಿರುತ್ತೀರಿ, ವಿಳಾಸಕ್ಕೆ ಲೈಸೆನ್ಸ್ ಮಾಡಿಸಿರುತ್ತೀರಿ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಓದಿ ನೋಡಿ. ಬೇರೆ ಒಪ್ಪಂದ ಇಲ್ಲದಿದ್ದರೆ ಕೃಷಿಗೆ ಅಥವಾ ತಯಾರಿಕೆಗೆ ಕೊಟ್ಟ ಜಾಗ ಬಿಡಿಸಲು ಆರು ತಿಂಗಳ ನೋಟಿಸ್ ಬೇಕು. ಉಳಿದದ್ದಕ್ಕೆಲ್ಲ 15 ದಿನ ಸಾಕು. ಬರೀ ಮಾಲು ಇಡುವ ಗೋದಾಮು ಆ 15 ದಿನದ ಗುಂಪಿಗೆ ಬೀಳುತ್ತದೆ. ಐದು ವರ್ಷ ಎಂದು ಬಿಳಿ ಕಾಗದದಲ್ಲೋ ನೂರು ರೂಪಾಯಿ ಛಾಪಾ ಕಾಗದದಲ್ಲೋ ಬರೆದು ನೋಂದಾಯಿಸದಿದ್ದರೆ, ಆ ಐದು ವರ್ಷದ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಎರಡು ವಾರದಲ್ಲಿ ಸಾವಿರ ಪ್ಯಾಲೆಟ್ ಎಲ್ಲಿಗೆ ಸಾಗಿಸುತ್ತೀರಿ?

ಮುದ್ರಾಂಕ ಶುಲ್ಕವನ್ನು ಸರಾಸರಿ ವಾರ್ಷಿಕ ಬಾಡಿಗೆ ಮತ್ತು ಅಡ್ವಾನ್ಸ್ ಸೇರಿಸಿ ಲೆಕ್ಕ ಹಾಕುತ್ತಾರೆ. ಅವಧಿ ಹೆಚ್ಚಿದಷ್ಟೂ ದರ ಹೆಚ್ಚು. ಈಗಿನ ದರವನ್ನು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೇ ನೋಡಬಹುದು. ಯಾರು ಕಟ್ಟುವುದು ಎಂದು ಮೊದಲೇ ಮಾತಾಡಿ. ಸಾಮಾನ್ಯವಾಗಿ ಬಾಡಿಗೆದಾರರೇ ಕಟ್ಟುತ್ತಾರೆ, ಅರ್ಧರ್ಧ ಮಾಡಿಕೊಂಡವರೂ ಇದ್ದಾರೆ.

ಲಾಕ್-ಇನ್ ಅಂದರೆ ಏನು? ಹಾಕಿಸಿಕೊಳ್ಳಬೇಕಾ?

ಇಂತಿಷ್ಟು ವರ್ಷ ಬಿಟ್ಟು ಹೋಗುವಂತಿಲ್ಲ, ಹೋದರೆ ಉಳಿದ ತಿಂಗಳ ಬಾಡಿಗೆ ಕೊಡಬೇಕು ಎಂಬ ಷರತ್ತು. ಮೂರು ವರ್ಷ ಮಾಮೂಲಿ. ಮಾಲೀಕರೂ ಸಾಲ ಮಾಡಿ ಕಟ್ಟಿರುತ್ತಾರೆ, ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಲಾಕ್-ಇನ್ ಎರಡೂ ಕಡೆಗೆ ಇರಲಿ. ನೀವು ಬಾಡಿಗೆ ಸರಿಯಾಗಿ ಕಟ್ಟುವವರೆಗೆ ಪೂರ್ತಿ ಅವಧಿಯಲ್ಲಿ ಮಾಲೀಕರು ಬಿಡಿಸುವಂತಿಲ್ಲ ಎಂದು ಬರೆಸಿ. ಬೆಂಕಿ, ನೆರೆ, ಸರ್ಕಾರಿ ಆದೇಶದಿಂದ ಗೋದಾಮು ಬಳಸಲಾಗದೆ ಹೋದರೆ ಆ ದಿನಗಳ ಬಾಡಿಗೆ ಇಲ್ಲ, ಬಹಳ ದಿನವಾದರೆ ಲಾಕ್-ಇನ್ ಇದ್ದರೂ ಹೊರಬರಬಹುದು ಎಂಬ ಸಾಲೂ ಇರಲಿ.

ವರ್ಷಕ್ಕೆ 5% ಏರಿಕೆ, ಮೂರು ವರ್ಷಕ್ಕೆ 15% ಏರಿಕೆ, ಎರಡೂ ಒಂದೇ ತಾನೇ?

ಒಂದೇ ಅಲ್ಲ. ತಿಂಗಳಿಗೆ 10 ಲಕ್ಷ ಬಾಡಿಗೆ, 9 ವರ್ಷದ ಲೀಸ್ ಎಂದಿಟ್ಟುಕೊಂಡು ಕೂಡಿ ನೋಡಿ. ಮೂರು ವರ್ಷಕ್ಕೊಮ್ಮೆ 15% ಏರಿದರೆ ಮೊದಲ ಮೂರು ವರ್ಷ 10 ಲಕ್ಷ, ಆಮೇಲೆ 11.5 ಲಕ್ಷ, ಕೊನೆಯ ಮೂರು ವರ್ಷ 13.22 ಲಕ್ಷ. ಪ್ರತಿ ವರ್ಷ 5% ಏರಿದರೆ ಎರಡನೇ ವರ್ಷವೇ 10.5 ಲಕ್ಷ, ಆರನೇ ವರ್ಷಕ್ಕೆ 12.76 ಲಕ್ಷ, ಒಂಬತ್ತನೇ ವರ್ಷಕ್ಕೆ 14.77 ಲಕ್ಷ. ಒಂಬತ್ತು ವರ್ಷದ ಒಟ್ಟು ವ್ಯತ್ಯಾಸ ಸುಮಾರು 73 ಲಕ್ಷ ರೂಪಾಯಿ. ಚದರ ಅಡಿಗೆ ಐವತ್ತು ಪೈಸೆ ಇಳಿಸಿಕೊಳ್ಳಲು ವಾರಗಟ್ಟಲೆ ಚೌಕಾಸಿ ಮಾಡಿ, ಈ ಸಾಲನ್ನು ಓದದೆ ಸಹಿ ಹಾಕುವವರಿದ್ದಾರೆ.

ಬಾಡಿಗೆ ಶುರುವಾಗುವ ದಿನವೂ ಮುಖ್ಯ. ರ್ಯಾಕು ನಿಲ್ಲಿಸಲು, ವೈರಿಂಗ್ ಮಾಡಲು ಒಂದೆರಡು ತಿಂಗಳು ಬೇಕು. ಆ ಅವಧಿಗೆ ಬಾಡಿಗೆ ಬೇಡ ಎಂದು ಕೇಳಿ. ಹೆಚ್ಚಿನ ಮಾಲೀಕರು ಸ್ವಲ್ಪವಾದರೂ ಬಿಡುತ್ತಾರೆ.

ಜಿಎಸ್‌ಟಿ, ಟಿಡಿಎಸ್ ಹೇಗೆ?

ಅದೇ 10 ಲಕ್ಷದ ಬಾಡಿಗೆ ತೆಗೆದುಕೊಳ್ಳಿ. ಮೇಲೆ 18% ಜಿಎಸ್‌ಟಿ, 1.8 ಲಕ್ಷ. ಬಾಡಿಗೆ ತಿಂಗಳಿಗೆ 50,000 ದಾಟಿರುವುದರಿಂದ ಕಂಪನಿಗಳು 10% ಟಿಡಿಎಸ್, ಅಂದರೆ ಮಾಲೀಕರ ಹೆಸರಲ್ಲಿ ಮೊದಲೇ ಕಟ್ಟುವ ಆದಾಯ ತೆರಿಗೆ, ಹಿಡಿಯಬೇಕು. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ದರೆ ಟಿಡಿಎಸ್ ಬರೀ ಬಾಡಿಗೆಯ ಮೇಲೆ, ಅಂದರೆ 1 ಲಕ್ಷ. ಮಾಲೀಕರ ಕೈಗೆ ಹೋಗುವುದು 10.8 ಲಕ್ಷ.

ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ನೀವು ಮಾಡಿಸಿದ್ದೀರಿ ಎಂದರೆ 2024ರ ಅಕ್ಟೋಬರ್ 10ರಿಂದ ಆ 18% ಅನ್ನು ನೀವೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ವಹಿವಾಟಿನ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೊಸಿಷನ್ ವ್ಯಾಪಾರಿಗಳಿಗೆ ಆಮೇಲೆ ವಿನಾಯಿತಿ ಕೊಟ್ಟರು. ತೆರಿಗೆ ಇರುವ ಮಾಲು ಮಾರುವವರಿಗೆ ಕಟ್ಟಿದ್ದು ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಹಿಂತಿರುಗಿಸುವ ಅಡ್ವಾನ್ಸಿಗೆ ಜಿಎಸ್‌ಟಿ ಇಲ್ಲ.

ಹೊಸ ಗೋದಾಮಿನ ವಿಳಾಸವನ್ನು 15 ದಿನದೊಳಗೆ ನಿಮ್ಮ ಜಿಎಸ್‌ಟಿ ನೋಂದಣಿಗೆ ಸೇರಿಸಿ. ರಾಜ್ಯದೊಳಗಿನ ಸಾಗಣೆಗೆ ಇ-ವೇ ಬಿಲ್ (ಮಾಲು ಸಾಗಿಸುವಾಗ ಆನ್‌ಲೈನಿನಲ್ಲಿ ಮಾಡಿಸುವ ಪತ್ರ) ಮೊದಲು ಜಾರಿ ಮಾಡಿದ್ದೇ ಕರ್ನಾಟಕ, 2018ರ ಏಪ್ರಿಲ್ 1ರಂದು. ಇಲ್ಲಿ ತಪಾಸಣೆ ಚುರುಕು. ಬಿಲ್ಲಿನಲ್ಲಿರುವ ವಿಳಾಸ ನೋಂದಣಿಯಲ್ಲಿ ಇಲ್ಲದಿದ್ದರೆ ದಾರಿಯಲ್ಲಿ ಲಾರಿ ನಿಲ್ಲುತ್ತದೆ.

ವಿದ್ಯುತ್ತಿನ ವಿಷಯದಲ್ಲಿ ಏನು ಎಚ್ಚರ?

ಬೆಸ್ಕಾಂ ಬಿಲ್ಲು ಕೇಳಿ. ಮಂಜೂರಾದ ಲೋಡ್ ಎಷ್ಟು, ಬಾಕಿ ಇದೆಯಾ ಎಂದು ಅದರಲ್ಲೇ ಗೊತ್ತಾಗುತ್ತದೆ. ಹಿಂದಿನವರು ಬಿಟ್ಟ ಬಾಕಿ ಕಟ್ಟುವ ಹೊಣೆ ಮಾಲೀಕರದು ಎಂದು ಬರೆಸಿ. ಫೋರ್ಕ್‌ಲಿಫ್ಟ್ ಚಾರ್ಜಿಂಗ್, ಕೋಲ್ಡ್ ರೂಮ್ ಇದ್ದರೆ ಲೋಡ್ ಹೆಚ್ಚಿಸಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಬೆಂಕಿ, ವಿಮೆ ಎಲ್ಲ ಮಾಲೀಕರೇ ನೋಡ್ಕೊಳ್ತಾರಲ್ವಾ?

ಕಟ್ಟಡದ ವಿಮೆ ಅವರದು. ಒಳಗಿನ ಮಾಲಿನ ವಿಮೆ ನಿಮ್ಮದು. ಏನು ಇಡುತ್ತೀರಿ ಎಂದು ಮಾಲೀಕರಿಗೂ, ವಿಮಾ ಕಂಪನಿಗೂ ನಿಜ ಹೇಳಿ. ಸ್ಟೀಲ್ ಪಾತ್ರೆಯ ಗೋದಾಮಿಗೆ ಸಾಕಾಗುವ ವ್ಯವಸ್ಥೆ ಥಿನ್ನರ್, ಸುಗಂಧದ್ರವ್ಯ, ಲಿಥಿಯಂ ಬ್ಯಾಟರಿಗೆ ಸಾಲುವುದಿಲ್ಲ. ಹೈಡ್ರಂಟ್ (ಬೆಂಕಿ ಆರಿಸುವ ನೀರಿನ ಕೊಳವೆ), ಸ್ಪ್ರಿಂಕ್ಲರ್ ಇವೆ ಅಂದರೆ ಪಂಪ್ ಆನ್ ಮಾಡಿಸಿ ನೀರು ಬರುವುದನ್ನು ಕಣ್ಣಾರೆ ನೋಡಿ. ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರದ ದಿನಾಂಕ ನೋಡಿ. ರಾತ್ರಿ ಪಾಳಿಯವರು ಒಳಗಿರುವಾಗ ತುರ್ತು ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ಪದ್ಧತಿ ಕೆಲವು ಕಡೆ ಇದೆ. ಕಳ್ಳತನದ ಭಯ ಎನ್ನುತ್ತಾರೆ. ಯಾವ ಮಾಲೂ ಅಷ್ಟು ಬೆಲೆಬಾಳುವುದಿಲ್ಲ. ಅಂಥ ಬೀಗ ಕಂಡರೆ ತೆಗೆಸಿಯೇ ಮುಂದಿನ ಮಾತಾಡಿ.

ವಿಮೆಯ ಮೊತ್ತ ಕಡಿಮೆ ತೋರಿಸಿ ಪ್ರೀಮಿಯಂ ಉಳಿಸಬೇಡಿ. 2 ಕೋಟಿಯ ಮಾಲಿಗೆ 1 ಕೋಟಿ ವಿಮೆ ಮಾಡಿಸಿ, 40 ಲಕ್ಷದ ಮಾಲು ಸುಟ್ಟರೆ ಸಿಗುವುದು 20 ಲಕ್ಷ. ಅರ್ಧ ವಿಮೆಗೆ ಅರ್ಧ ಪರಿಹಾರ.

ಇಡೀ ಗೋದಾಮು ಬೇಡ, ಸ್ವಲ್ಪ ಜಾಗ ಸಾಕು. ಏನು ಮಾಡಬೇಕು?

ಲೀಸಿನ ಗೊಡವೆಯೇ ಬೇಡ. ಕೇಂದ್ರ ಮತ್ತು ರಾಜ್ಯ ಉಗ್ರಾಣ ನಿಗಮಗಳಲ್ಲಿ ಜಾಗ ಸಿಗುತ್ತದಾ ಕೇಳಿ. ಇಲ್ಲದಿದ್ದರೆ ಪ್ಯಾಲೆಟ್ ಲೆಕ್ಕದಲ್ಲಿ ಮಾಲು ಇಟ್ಟುಕೊಂಡು, ಪ್ಯಾಕ್ ಮಾಡಿ ಕಳಿಸಿಕೊಡುವ ಖಾಸಗಿಯವರಿದ್ದಾರೆ. ದಸರಾ ದೀಪಾವಳಿಯ ಉಬ್ಬರಕ್ಕೂ ಇದೇ ದಾರಿ.

ಬಿಟ್ಟು ಹೋಗುವಾಗ ಅಡ್ವಾನ್ಸ್ ಪೂರ್ತಿ ವಾಪಸ್ ಬರುತ್ತಾ?

ಅದು ಕೀಲಿ ತೆಗೆದುಕೊಂಡ ದಿನವೇ ತೀರ್ಮಾನವಾಗುತ್ತದೆ. ಅಂದು ಮಾಲೀಕರ ಕಡೆಯವರನ್ನು ಜೊತೆಗಿಟ್ಟುಕೊಂಡು ನೆಲದ ಪ್ರತಿ ಬಿರುಕು, ಶಟರಿನ ಪ್ರತಿ ತಗ್ಗು, ಚಾವಣಿಯ ಸೋರಿಕೆಯ ಫೋಟೋ ತೆಗೆಯಿರಿ. ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ.

ಒಂದು ಸಲ ನಾನು ಇದನ್ನು ಮಾಡಿರಲಿಲ್ಲ. ಬಿಡುವ ದಿನ ಜಗಳ ಬಂದದ್ದು ರ್ಯಾಕಿನ ಬೋಲ್ಟ್ ತೆಗೆದ ಮೇಲೆ ನೆಲದಲ್ಲಿ ಉಳಿದ ತೂತುಗಳ ಬಗ್ಗೆ. ಕಾಲಿಗೆ ಎರಡು ಬೋಲ್ಟ್, ನೂರಾರು ಕಾಲು. "ನೆಲ ಪೂರ್ತಿ ಹೊಸದಾಗಿ ಹಾಕಿಸಿಕೊಡಿ" ಎಂದರು. ಅಡ್ವಾನ್ಸಿನಲ್ಲಿ ದೊಡ್ಡ ಭಾಗ ಹೋಯಿತು. ಈಗ ಕರಾರಿನಲ್ಲೇ ಬರೆಸುತ್ತೇನೆ: ಬೋಲ್ಟನ್ನು ನೆಲಮಟ್ಟಕ್ಕೆ ಕತ್ತರಿಸಿ, ತೂತಿಗೆ ಎಪಾಕ್ಸಿ ತುಂಬಿ ಸಮ ಮಾಡಿಕೊಟ್ಟರೆ ಸಾಕು, ಮಾಮೂಲಿ ಸವಕಳಿಗೆ ಕಡಿತ ಇಲ್ಲ, ಕೀಲಿ ಕೊಟ್ಟ ದಿನವೇ ಅಡ್ವಾನ್ಸ್ ಕೊಡಬೇಕು, ತಡವಾದರೆ ಬಡ್ಡಿ. ಕೀಲಿ ಮತ್ತು ಚೆಕ್ಕು ಒಂದೇ ಮೇಜಿನ ಮೇಲೆ ಕೈ ಬದಲಾಗಬೇಕು.